ಒಂದು ಟ್ಯಾಬ್, ನಾಲ್ಕು ಜನ: ಚಿಕ್ಕ ಮಕ್ಕಳಿಗೆ ಗುಂಪು ಪ್ರಾಜೆಕ್ಟ್ ಮಾಡಿಸುವುದು ಹೇಗೆ?

ಪ್ರಶ್ನೆ: ನಾನು 4ನೇ ತರಗತಿಗೆ ಪಾಠ ಮಾಡುತ್ತೇನೆ. 32 ಮಕ್ಕಳಿದ್ದಾರೆ. ಶಾಲೆಯಲ್ಲಿ 8 ಟ್ಯಾಬ್, ಒಂದು ಪ್ರೊಜೆಕ್ಟರ್ ಇದೆ. ಹೋದ ಸಲ ಸೌರವ್ಯೂಹದ ಮೇಲೆ ಗುಂಪು ಪ್ರಾಜೆಕ್ಟ್ ಕೊಟ್ಟೆ. ಪ್ರತಿ ಗುಂಪಿನಲ್ಲೂ ಒಂದು ಮಗುವೇ ಎಲ್ಲಾ ಕೆಲಸ ಮಾಡಿತು. ಒಂದಿಬ್ಬರು ಟ್ಯಾಬ್‌ಗಾಗಿ ಕಿತ್ತಾಡಿದರು, ಉಳಿದವರು ಸುಮ್ನೆ ಕೂತರು. ಸ್ಲೈಡ್‌ಗಳು ನೋಡಲು ಚೆನ್ನಾಗಿದ್ದವು, ಆದರೆ ಪೂರ್ತಿ ನೆಟ್‌ನಿಂದ ಎತ್ತಿದ್ದು. ಕೆಲವನ್ನು ಮನೆಯಲ್ಲಿ ದೊಡ್ಡವರೇ ಮಾಡಿಕೊಟ್ಟ ಹಾಗಿತ್ತು. ಮಾರ್ಕ್ಸ್ ಕೊಡುವುದು ಹೇಗೆಂದೂ ತಿಳಿಯಲಿಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಟೆಕ್ನಾಲಜಿ ಮತ್ತು ಗುಂಪು ಪ್ರಾಜೆಕ್ಟ್ ಎರಡನ್ನೂ ಸೇರಿಸಿ ಕಲಿಸುವುದು ನಿಜಕ್ಕೂ ಆಗುವ ಕೆಲಸವೇ?

ಉತ್ತರ: ಆಗುವ ಕೆಲಸವೇ. ಆದರೆ ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಕ್ಕಳು ಸೋಮಾರಿಗಳೂ ಅಲ್ಲ, ಜಗಳಗಂಟರೂ ಅಲ್ಲ. ನೀವು ಕೊಟ್ಟದ್ದು ಒಬ್ಬರೇ ಕೂತು ಮುಗಿಸಬಹುದಾದ ಕೆಲಸ. ಸೌರವ್ಯೂಹದ ಬಗ್ಗೆ ಹತ್ತು ಸ್ಲೈಡ್ ಮಾಡಲು ಒಂದು ತಲೆ, ಒಂದು ಟ್ಯಾಬ್ ಸಾಕು. ಅಲ್ಲಿ ನಾಲ್ವರನ್ನು ಕೂರಿಸಿದರೆ ಮೂವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಚುರುಕಾದ ಮಗು ಟ್ಯಾಬ್ ಎಳೆದುಕೊಳ್ಳುವುದು ಯಾಕೆ? ಹಾಗೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಅದರ ಲೆಕ್ಕ ಸರಿಯಾಗಿಯೇ ಇದೆ.

ದೊಡ್ಡವರೂ ಬೇರೆ ಥರ ಏನಿಲ್ಲ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರ ಕೈಯಲ್ಲಿ ಹಗ್ಗ ಎಳೆಸಿ ಬಲ ಅಳೆದ. 1913ರಲ್ಲಿ ಅದನ್ನು ಪ್ರಕಟಿಸಿದ. ಎಳೆಯುವವರು ಜಾಸ್ತಿಯಾದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಗಿತ್ತು. ಎಲ್ಲರೂ ಹೊಂದಿಸಿಕೊಂಡು ಎಳೆಯುವುದು ಕಷ್ಟ ಎನ್ನುವುದು ಒಂದು ಕಾರಣ. 'ಹೇಗೂ ಬೇರೆಯವರಿದ್ದಾರಲ್ಲ' ಅನ್ನುವ ಭಾವನೆ ಇನ್ನೊಂದು. ನಿಮ್ಮ ತರಗತಿಯಲ್ಲಿ ಎರಡೂ ಇತ್ತು.

ಆದ್ದರಿಂದ ಪ್ರಾಜೆಕ್ಟ್ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಗುಂಪಿನ ಅತಿ ಜಾಣ ಮಗು ಇದನ್ನು ಒಂಟಿಯಾಗಿ ಮಾಡಿಬಿಡಬಹುದೇ? ಹೌದು ಅಂತಾದರೆ ಅದು ಗುಂಪು ಕೆಲಸವಲ್ಲ, ಒಬ್ಬರ ಕೆಲಸದ ಸುತ್ತ ನಾಲ್ಕು ಕುರ್ಚಿ ಹಾಕಿದ್ದು ಅಷ್ಟೇ. ಯಾವ ಆ್ಯಪ್ ತಂದರೂ ಇದು ಸರಿಹೋಗುವುದಿಲ್ಲ.

ಒಂಟಿಯಾಗಿ ಮಾಡಲಾಗದ ಕೆಲಸ ಕಟ್ಟುವುದು ಹೇಗೆ? ಹಳೆಯ, ಚೆನ್ನಾಗಿ ಪಳಗಿದ ದಾರಿಯೊಂದಿದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಇದನ್ನು ರೂಪಿಸಿದರು. ಆಗಷ್ಟೇ ಬಿಳಿಯ, ಕರಿಯ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದ್ದರು, ಮಕ್ಕಳ ನಡುವೆ ತಿಕ್ಕಾಟ ಜೋರಾಗಿತ್ತು. ಆರನ್ಸನ್ ಪಾಠವನ್ನು ತುಂಡು ಮಾಡಿ ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಟ್ಟರು. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ತುಂಡು ಸಿಕ್ಕ ಮಕ್ಕಳು ಮೊದಲು ಒಟ್ಟಿಗೆ ಕೂತು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಅದನ್ನು ಕಲಿಸುತ್ತಾರೆ. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ, ಒಬ್ಬೊಬ್ಬರಿಗೂ ಬೇರೆ ಬೇರೆ. ಪಕ್ಕದವನ ಮಾತು ಕೇಳದೆ ಗತಿಯಿಲ್ಲ. ಇದಕ್ಕೆ ಜಿಗ್ಸಾ ವಿಧಾನ ಎನ್ನುತ್ತಾರೆ.

ನಿಮ್ಮ ಸೌರವ್ಯೂಹಕ್ಕೂ ಇದು ಸಲೀಸಾಗಿ ಹೊಂದುತ್ತದೆ. 8 ಗುಂಪು, 8 ಗ್ರಹ. ಭೂಮಿ 1 ಸೆಂ.ಮೀ. ಅಗಲದ ಗೋಲಿಯಷ್ಟಿದೆ ಎಂದುಕೊಳ್ಳಿ. ಆಗ ಸೂರ್ಯನ ಅಗಲ 109 ಸೆಂ.ಮೀ. ಆಗುತ್ತದೆ. ಗುರು ಗ್ರಹ 11 ಸೆಂ.ಮೀ., ಬುಧ ಬರೀ 4 ಮಿ.ಮೀ. ಈ ಅಳತೆಯಲ್ಲಿ ಭೂಮಿ ಸೂರ್ಯನಿಂದ ಸುಮಾರು 117 ಮೀಟರ್ ದೂರ ನಿಲ್ಲಬೇಕು. ನೆಪ್ಚೂನ್ ಸುಮಾರು 3.5 ಕಿಲೋಮೀಟರ್ ಆಚೆ! ಪ್ರತಿ ಗುಂಪೂ ತನ್ನ ಗ್ರಹದ ಗಾತ್ರ, ದೂರ ಲೆಕ್ಕ ಹಾಕಿ ಗೋಲ ಮಾಡುತ್ತದೆ, ತರಗತಿಗೆಲ್ಲ ಸೇರಿ ಒಂದೇ ಸೌರವ್ಯೂಹ. ಹತ್ತಿರದ ಗ್ರಹಗಳನ್ನು ಮೈದಾನದಲ್ಲಿ ಇಡಬಹುದು. ದೂರದವು ಎಲ್ಲಿ ಬೀಳುತ್ತವೆ ಎಂದು ಟ್ಯಾಬ್‌ನ ಮ್ಯಾಪ್‌ನಲ್ಲಿ ಅಳೆದು ಗುರುತು ಹಾಕಬೇಕು. ಇಲ್ಲಿ ಮ್ಯಾಪ್ ಬೇಕೇ ಬೇಕು, ಯಾಕೆಂದರೆ 3.5 ಕಿ.ಮೀ.ಯನ್ನು ಟೇಪಿನಲ್ಲಿ ಅಳೆಯಲಾಗದು. ಟೆಕ್ನಾಲಜಿ ಬರಬೇಕಾದ್ದು ಇಂಥ ಕಡೆ. ಕೈಯಲ್ಲೇ ಆಗುವ ಕೆಲಸಕ್ಕೆ ಅದನ್ನು ಎಳೆದು ತರಬೇಡಿ.

ಇನ್ನೊಂದು ಪ್ರಾಜೆಕ್ಟ್ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಯಸ್ಸಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಿಸಿಲು ಬೀಳುವ ಜಾಗದಲ್ಲಿ 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಂಟೆಗೊಮ್ಮೆ ನೆರಳಿನ ಉದ್ದ ಅಳೆಯಬೇಕು. ಒಟ್ಟು 7 ಸಲ. ಒಂದೊಂದು ಸಲಕ್ಕೂ ಐದೇ ನಿಮಿಷ ಸಾಕು. ನೆರಳು ಯಾವಾಗ ಅತಿ ಚಿಕ್ಕದಾಗಿರುತ್ತದೆ ಎಂದು ಹಿಂದಿನ ದಿನವೇ ಪ್ರತಿ ಮಗುವೂ ಊಹಿಸಿ, ಕಾಗದದಲ್ಲಿ ಬರೆದು, ಹೆಸರು ಹಾಕಿ ಕೊಡಬೇಕು. ಇದನ್ನು ಬಿಡಬೇಡಿ. ಊಹೆ ಬರೆದುಕೊಟ್ಟ ಮಗುವಿಗೆ ಉತ್ತರದ ಮೇಲೆ ತನ್ನದೇ ಆಸಕ್ತಿ ಹುಟ್ಟುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದು, ಕ್ಯಾಮೆರಾವನ್ನೂ ಅತ್ತ ತಿರುಗಿಸಬಾರದು ಎಂದು ಎರಡು ಸಲ ಹೇಳಿ.

ಅಳೆಯುವಾಗ ನಾಲ್ಕು ಕೆಲಸ. ಒಬ್ಬರು ಕೋಲಿನ ಬುಡದಲ್ಲಿ ಟೇಪ್ ಹಿಡಿಯಬೇಕು, ಒಬ್ಬರು ನೆರಳಿನ ತುದಿಯಲ್ಲಿ ಅಂಕಿ ಓದಬೇಕು, ಒಬ್ಬರು ಬರೆಯಬೇಕು. ನಾಲ್ಕನೆಯವರು ಟೇಪಿನ ಮೇಲಿನ ಅಂಕಿ ಕಾಣುವ ಹಾಗೆ ಫೋಟೊ ತೆಗೆಯಬೇಕು. ಪ್ರತಿ ಗಂಟೆಗೂ ಕೆಲಸ ಬದಲು. ನಾಲ್ಕನೇ ಅಳತೆ ಮುಗಿಯುವಷ್ಟರಲ್ಲಿ ಎಲ್ಲರೂ ಎಲ್ಲಾ ಕೆಲಸ ಮಾಡಿರುತ್ತಾರೆ. ಟ್ಯಾಬ್‌ಗಾಗಿ ಜಗಳ ಬಂದರೆ 'ನಿನ್ನ ಸರದಿ 11 ಗಂಟೆಗೆ' ಎಂದರೆ ಮುಗಿಯಿತು.

ಮರುದಿನ ಅಳತೆಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿಸಿ. ಒಂದು ಕಾಲಂನಲ್ಲಿ ಗಂಟೆ, ಇನ್ನೊಂದರಲ್ಲಿ ಸೆಂ.ಮೀ. ಕಂಬಗಳ ಗ್ರಾಫ್ ಒತ್ತಿದ ಕೂಡಲೇ ಬರುತ್ತದೆ. ಮಜಾ ಶುರುವಾಗುವುದು ಆಗ. ಒಂದು ಗುಂಪಿನಲ್ಲಿ 10 ಗಂಟೆಗೆ 84, 11ಕ್ಕೆ 22, 12ಕ್ಕೆ 38 ಎಂದಿದೆ ಅಂತಿಟ್ಟುಕೊಳ್ಳಿ. ಉಳಿದ ಕಂಬಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ, 11ರ ಕಂಬ ಮಾತ್ರ ಗುಂಡಿಗೆ ಬಿದ್ದಿದೆ. ಬರೀ ಅಂಕಿಗಳ ಪಟ್ಟಿಯಲ್ಲಿ ಇದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ, ಗ್ರಾಫ್‌ನಲ್ಲಿ ತಟ್ಟನೆ ಕಾಣುತ್ತದೆ. 'ನೀನು ತಪ್ಪು ಓದಿದೆ', 'ಇಲ್ಲ, ನೀನೇ ತಪ್ಪು ಬರೆದೆ' ಅಂತ ವಾದ ಶುರು. ನೀವು ಮಧ್ಯೆ ಬಾಯಿ ಹಾಕಬೇಡಿ. '11 ಗಂಟೆಯ ಫೋಟೊ ತೆರೆದು ನೋಡಿ' ಎಂದಷ್ಟೇ ಹೇಳಿ. ಫೋಟೊ ಹಿಗ್ಗಿಸಿ ನೋಡಿದರೆ ಟೇಪಿನ ಇಂಚಿನ ಬದಿ ಮೇಲಿದೆ! 22 ಇಂಚು ಅಂದರೆ ಸುಮಾರು 56 ಸೆಂ.ಮೀ. ಅದನ್ನು ಹಾಕಿದ ತಕ್ಷಣ ಕಂಬ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇಲ್ಲಿ ನಡೆದದ್ದನ್ನು ಗಮನಿಸಿ. ಅಳತೆಯಲ್ಲಿ ತಪ್ಪಾಯಿತು, ಗ್ರಾಫ್ ಅದನ್ನು ತೋರಿಸಿಕೊಟ್ಟಿತು, ಫೋಟೊ ಸಾಕ್ಷಿ ಹೇಳಿತು, ಮಕ್ಕಳೇ ತಿದ್ದಿಕೊಂಡರು. ಟೀಚರ್ ಕೆಂಪು ಪೆನ್ನು ಮುಟ್ಟಲೇ ಇಲ್ಲ. ನಾಲ್ವರ ಕೆಲಸವೂ ಒಂದರ ಮೇಲೊಂದು ನಿಂತಿತ್ತು. ನೀವು ನೆಟ್ಟ ಕೋಲಿನ ನೆರಳು 11 ಗಂಟೆಗೆ ಎಷ್ಟಿತ್ತೆಂದು ಯಾವ ವೆಬ್‌ಸೈಟ್‌ನಲ್ಲೂ ಬರೆದಿಲ್ಲ, ಹಾಗಾಗಿ ಎಲ್ಲಿಂದಲೋ ಎತ್ತಿ ಹಾಕುವ ಮಾತೇ ಇಲ್ಲ. ಕೊನೆಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಹೆಚ್ಚಿನ ಮಕ್ಕಳ ಊಹೆ 12 ಗಂಟೆ. ಆದರೆ ಅತಿ ಚಿಕ್ಕ ನೆರಳು ಗಡಿಯಾರದ 12ಕ್ಕೇ ಬೀಳಬೇಕೆಂದಿಲ್ಲ. ಗಡಿಯಾರ ಇಡೀ ದೇಶಕ್ಕೋ ಪ್ರಾಂತ್ಯಕ್ಕೋ ಒಂದೇ, ಸೂರ್ಯ ನೆತ್ತಿಗೆ ಬರುವ ಹೊತ್ತು ಊರಿಂದ ಊರಿಗೆ ಬೇರೆ. ನಿಮ್ಮ ಜಾಗಕ್ಕೆ ಆ ಹೊತ್ತು ಯಾವುದೆಂದು ಪ್ರೊಜೆಕ್ಟರ್‌ನಲ್ಲಿ ಹುಡುಕಿ ತೋರಿಸಿ. ನೆಟ್‌ನ ಉತ್ತರವನ್ನು ತಮ್ಮ ಅಳತೆಯ ಜೊತೆ ಇಟ್ಟು ನೋಡುವುದನ್ನು ಮಕ್ಕಳು ಇಲ್ಲೇ ಕಲಿಯುತ್ತಾರೆ.

ಟ್ಯಾಬ್ ಹಿಡಿಯುವ ವಿಷಯಕ್ಕೆ ಬರೋಣ. ಇದಕ್ಕೆ ಸಾಫ್ಟ್‌ವೇರ್‌ನವರ ಹತ್ತಿರ ಒಳ್ಳೆಯ ಉಪಾಯವಿದೆ. ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಮ್ ಬರೆಯುವಾಗ ಒಬ್ಬರು ಡ್ರೈವರ್, ಇನ್ನೊಬ್ಬರು ನ್ಯಾವಿಗೇಟರ್. ಡ್ರೈವರ್ ಟೈಪ್ ಮಾಡುತ್ತಾರೆ, ನ್ಯಾವಿಗೇಟರ್ ದಾರಿ ನೋಡುತ್ತಾರೆ. ತರಗತಿಯಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿ: ಟ್ಯಾಬ್ ಹಿಡಿದವರು ತಾವಾಗಿ ಏನೂ ಮಾಡುವಂತಿಲ್ಲ, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಹೇಳುವವರು ಪರದೆ ಮುಟ್ಟುವಂತಿಲ್ಲ. ಐದು ನಿಮಿಷಕ್ಕೊಮ್ಮೆ ಅದಲು ಬದಲು, ಟೈಮರ್ ಪ್ರೊಜೆಕ್ಟರ್‌ನಲ್ಲಿ ಓಡುತ್ತಿರಲಿ. ಮೊದಲ ದಿನ ಮಕ್ಕಳು ಚಡಪಡಿಸುತ್ತಾರೆ. 'ಅಲ್ಲಿ ಒತ್ತು, ಅಲ್ಲಲ್ಲ, ಅಲ್ಲಿ!' ಅಂತ ಕೂಗುತ್ತಾರೆ. 'ಅಲ್ಲಿ' ಅಂದರೆ ಎಲ್ಲಿ ಎಂದು ಬಾಯಲ್ಲಿ ಹೇಳಲೇಬೇಕಾದಾಗ ಭಾಷೆ ಬೆಳೆಯುತ್ತದೆ. ಎಡಗಡೆಯ ಮೂರನೇ ನೀಲಿ ಗುಂಡಿ, ಅದರ ಕೆಳಗಿನ ಸಾಲು ಎನ್ನಲು ಕಲಿಯುತ್ತಾರೆ.

ನಾಲ್ವರಿಗೆ ಒಂದು ಟ್ಯಾಬ್ ಇದ್ದರೆ ಇಬ್ಬರು ಟ್ಯಾಬ್‌ನಲ್ಲಿ, ಇಬ್ಬರು ಕಾಗದದಲ್ಲಿ ಇರಲಿ. ಅರ್ಧ ಪೀರಿಯಡ್ ಆದ ಮೇಲೆ ಬದಲಾಗಲಿ. ನಾಲ್ಕೂ ತಲೆ ಒಂದು ಪರದೆಗೆ ಬಗ್ಗಿದರೆ ಇಬ್ಬರಿಗೆ ಏನೂ ಕಾಣುವುದಿಲ್ಲ. ಪ್ರಾಜೆಕ್ಟ್‌ನ ಮೊದಲ ಒಂದೆರಡು ಪೀರಿಯಡ್ ಟ್ಯಾಬ್ ಕಪಾಟಿನಲ್ಲೇ ಇರಲಿ. ಪ್ರಶ್ನೆ ಏನು, ಯಾರು ಏನು ಮಾಡುತ್ತಾರೆ, ಕೊನೆಗೆ ಏನು ತೋರಿಸುತ್ತೇವೆ ಎನ್ನುವುದೆಲ್ಲ ಕಾಗದದ ಮೇಲೆ ಬಂದು, ನೀವು ನೋಡಿ ಸರಿ ಎಂದ ಮೇಲೆ ಟ್ಯಾಬ್ ಹೊರಗೆ ಬರಲಿ. ಹೊಸ ಆ್ಯಪ್ ಮತ್ತು ಹೊಸ ಪಾಠ ಎರಡನ್ನೂ ಒಂದೇ ದಿನ ಕೊಡಬೇಡಿ. ಫೋಟೊ ತೆಗೆದು ಅದರ ಮೇಲೆ ಹೆಸರು ಬರೆಯುವುದನ್ನು ಕಲಿಸಬೇಕಿದ್ದರೆ ಹಿಂದಿನ ವಾರವೇ ಸುಮ್ನೆ ಒಂದು ಚಪ್ಪಲಿಯದೋ ಪೆನ್ಸಿಲ್ಲಿನದೋ ಫೋಟೊ ತೆಗೆಸಿ ಕಲಿಸಿಬಿಡಿ.

ಯಾವ ಆ್ಯಪ್ ಒಳ್ಳೆಯದು ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ ಸ್ವಲ್ಪ ಸಪ್ಪೆ. ಕ್ಯಾಮೆರಾ, ಧ್ವನಿ ರೆಕಾರ್ಡರ್, ಸ್ಪ್ರೆಡ್‌ಶೀಟ್, ಇಷ್ಟರಲ್ಲೇ ಒಂದು ವರ್ಷದ ಪ್ರಾಜೆಕ್ಟ್‌ಗಳು ಮುಗಿಯುತ್ತವೆ. ಇದರಲ್ಲಿ ಧ್ವನಿ ರೆಕಾರ್ಡರ್ ಬೆಲೆ ಹೆಚ್ಚಿನವರಿಗೆ ಗೊತ್ತಿಲ್ಲ. 'ನಿಮ್ಮ ಗ್ರಹದ ಬಗ್ಗೆ ಒಂದೂವರೆ ನಿಮಿಷದ ರೇಡಿಯೊ ಕಾರ್ಯಕ್ರಮ ಮಾಡಿ' ಎಂದು ನೋಡಿ. ಬರೆದದ್ದನ್ನು ಓದಿ, ರೆಕಾರ್ಡ್ ಮಾಡಿ, ಕೇಳಿದ ಕೂಡಲೇ 'ಅಯ್ಯೋ, ನನ್ನ ದನಿ ಹೀಗಾ?' ಎನ್ನುತ್ತಾರೆ. ಎಲ್ಲಿ ತಡವರಿಸಿದೆವು, ಯಾವ ವಾಕ್ಯ ಅರ್ಥವಾಗುತ್ತಿಲ್ಲ ಎಂದು ತಾವೇ ಹೇಳುತ್ತಾರೆ. ಓದಲು ಬೇಸರಪಡುವ ಮಗುವೂ ಅದೇ ಪ್ಯಾರಾವನ್ನು ಮತ್ತೆ ಮತ್ತೆ ಓದುತ್ತದೆ, ಯಾಕೆಂದರೆ ಅದಕ್ಕೀಗ ಓದುವುದಕ್ಕೊಂದು ಕಾರಣವಿದೆ.

ಪ್ರೋಗ್ರಾಮಿಂಗ್ ಬೇಕೆಂದರೆ ಸ್ಕ್ರ್ಯಾಚ್ ಇದೆ, ಆಜ್ಞೆಗಳ ತುಂಡುಗಳನ್ನು ಪರದೆಯ ಮೇಲೆ ಜೋಡಿಸಿ ಪ್ರೋಗ್ರಾಮ್ ಕಟ್ಟುವಂಥದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಹೊರತಂದದ್ದು, 8 ವರ್ಷ ದಾಟಿದ ಮಕ್ಕಳಿಗೆ ಹೊಂದುತ್ತದೆ. ಅದಕ್ಕಿಂತ ಚಿಕ್ಕವರಿಗೆ, 5ರಿಂದ 7 ವರ್ಷದವರಿಗೆ, ಸ್ಕ್ರ್ಯಾಚ್ ಜೂನಿಯರ್ ಬೇರೆ ಇದೆ. ಎರಡೂ ಉಚಿತ. ಗೊಂಬೆಗಳನ್ನು ಚೂರು ಚೂರೇ ಸರಿಸಿ ಫೋಟೊ ತೆಗೆದು ಸಿನಿಮಾ ಮಾಡುವುದೂ ಗುಂಪಿಗೆ ಹೇಳಿ ಮಾಡಿಸಿದ ಕೆಲಸ. ಸೆಕೆಂಡಿಗೆ 5 ಫೋಟೊ ಎಂದರೂ 20 ಸೆಕೆಂಡಿನ ಚಿತ್ರಕ್ಕೆ 100 ಫೋಟೊ ಬೇಕು, ಅದನ್ನು ಒಬ್ಬರೇ ಮಾಡಲು ಹೊರಟರೆ ಸುಸ್ತಾಗುತ್ತಾರೆ. ಸ್ಲೈಡ್ ಮಾತ್ರ ಈ ವಯಸ್ಸಿಗೆ ನನಗೆ ಇಷ್ಟವಿಲ್ಲ. ಅಕ್ಷರದ ಬಣ್ಣ ಬದಲಿಸುವುದರಲ್ಲಿ, ಚಿತ್ರ ತಿರುಗಿಸುವುದರಲ್ಲೇ ಪೀರಿಯಡ್ ಕಳೆದುಹೋಗುತ್ತದೆ. ಮಾಡಿಸಲೇಬೇಕಿದ್ದರೆ ಸ್ಲೈಡಿಗೆ ಒಂದು ಚಿತ್ರ, ಒಂದು ವಾಕ್ಯ ಅಷ್ಟೇ ಎಂದು ಹೇಳಿಬಿಡಿ. ಉಳಿದದ್ದನ್ನು ಬಾಯಲ್ಲಿ ಹೇಳಲಿ.

ನೆಟ್‌ನಲ್ಲಿ ಹುಡುಕಿಸುವುದು ಹೇಗೆ? ಒಂಬತ್ತು ವರ್ಷದ ಮಗುವಿಗೆ 'ಗೂಗಲ್ ಮಾಡು' ಎಂದರೆ ಮೊದಲು ಕಂಡದ್ದನ್ನು ಬರೆದುಕೊಂಡು ಬರುತ್ತದೆ. ನೀವೇ ಮೊದಲು ಓದಿ, ಮೂರು ಪುಟ ಆರಿಸಿ ಕೊಡಿ. ಎತ್ತಿ ಬರೆಯುವುದನ್ನು ತಪ್ಪಿಸಲು ಉಪದೇಶ ಬೇಡ, ಒಂದು ಕ್ರಮ ಸಾಕು: ಓದು, ಪರದೆ ಮುಚ್ಚು, ಪಕ್ಕದವರಿಗೆ ಹೇಳು, ಆಮೇಲೆ ಬರಿ. ಮುಚ್ಚಿದ ಪರದೆಯಿಂದ ಕಾಪಿ ಹೊಡೆಯಲಾಗುವುದಿಲ್ಲ ಅಲ್ವಾ?

ಎಐ ಚಾಟ್‌ಬಾಟ್‌ಗಳನ್ನು ಈ ವಯಸ್ಸಿನ ಮಕ್ಕಳ ಕೈಗೆ ಕೊಡಬೇಡಿ. ಹೆಚ್ಚಿನ ಆನ್‌ಲೈನ್ ಸೇವೆಗಳು 13 ವರ್ಷದೊಳಗಿನವರು ತಾವಾಗಿ ಖಾತೆ ತೆರೆಯಲು ಬಿಡುವುದಿಲ್ಲ. ಮಕ್ಕಳ ಮಾಹಿತಿ ಕಾಯಲು ಅಮೆರಿಕ 1998ರಲ್ಲಿ ಮಾಡಿದ ಕಾನೂನು ಈ ಮಿತಿಗೆ ಮುಖ್ಯ ಕಾರಣ. ಬೇಕಿದ್ದರೆ ನೀವೇ ಪ್ರೊಜೆಕ್ಟರ್‌ನಲ್ಲಿ ಒಂದು ಪ್ರಶ್ನೆ ಕೇಳಿ, 'ಇದು ಹೇಳಿದ್ದು ನಮ್ಮ ಅಳತೆಗೆ ತಾಳೆಯಾಗುತ್ತಾ?' ಎಂದು ಚರ್ಚೆ ಮಾಡಿಸಿ. ಫೋಟೊಗಳಲ್ಲಿ ಮಕ್ಕಳ ಮುಖ ಬೇಡ. ಕೈ ಮತ್ತು ವಸ್ತು ಕಂಡರೆ ಸಾಕು.

ಗುಂಪು ಮಾಡುವುದು ಹೇಗೆ ಎನ್ನುವುದರಲ್ಲಿ ನನ್ನ ಅಭಿಪ್ರಾಯ ಎಲ್ಲರಿಗೂ ಒಪ್ಪಿಗೆಯಾಗದಿರಬಹುದು. ಗೆಳೆಯರ ಗುಂಪು ಬೇಡ, ಒಬ್ಬ ಜಾಣ ಮಗು ಸೇರಿಸಿ ಉಳಿದವರನ್ನು ಅದರ ಪಾಲಿಗೆ ಬಿಡುವುದೂ ಬೇಡ. ನೊರೀನ್ ವೆಬ್ ಎಂಬ ಸಂಶೋಧಕಿ ಮಕ್ಕಳು ಗುಂಪಿನಲ್ಲಿ ಆಡುವ ಮಾತನ್ನೇ ವರ್ಷಗಟ್ಟಲೆ ಗಮನಿಸಿದರು. ಹೀಗೆ ಯಾಕೆ, ಹೇಗೆ ಎಂದು ಬಿಡಿಸಿ ವಿವರಿಸುವ ಮಗು ಚೆನ್ನಾಗಿ ಕಲಿಯುತ್ತದೆ. ಬರೀ ಉತ್ತರ ಪಡೆದ ಮಗು ಕಲಿಯುವುದಿಲ್ಲ. 'ಜಾಣ' ಮಗುವೇ ಸದಾ ವಿವರಿಸುತ್ತಿದ್ದರೆ ಅದೇ ಇನ್ನಷ್ಟು ಜಾಣವಾಗುತ್ತದೆ. ಹಾಗಾಗಿ ವಿವರಿಸುವ ಸರದಿ ಎಲ್ಲರಿಗೂ ಬರಬೇಕು.

ಇನ್ನೊಂದು ಸೂಕ್ಷ್ಮವಿದೆ. ಯಾರು ಜಾಣರು, ಯಾರು ದಡ್ಡರು ಅನ್ನುವ ಪಟ್ಟಿ ಮಕ್ಕಳ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಕೆಳಗಿದ್ದ ಮಗು ಸರಿಯಾದ್ದನ್ನೇ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಇದಕ್ಕೆ ತೋರಿಸಿದ ಮದ್ದು ಸರಳ. ಆ ಮಗು ನಿಜವಾಗಿ ಚೆನ್ನಾಗಿ ಮಾಡಿದ ಒಂದು ಕೆಲಸ ಹುಡುಕಿ, ಅದನ್ನು ಗುಂಪಿನ ಎದುರು ನಿರ್ದಿಷ್ಟವಾಗಿ ಹೇಳಬೇಕು. 'ಭೇಷ್' ಎಂದರೆ ಸಾಲದು. 'ಟೇಪ್ ಸಡಿಲವಾಗಿದೆ ಎಂದು ಇವಳು ಗಮನಿಸಿದಳು, ಇಲ್ಲದಿದ್ದರೆ ನಿಮ್ಮ ಅಳತೆ ತಪ್ಪುತ್ತಿತ್ತು' ಎನ್ನಬೇಕು. ಮಾತು ಸುಳ್ಳಾಗಿರಬಾರದು, ಮಕ್ಕಳು ತಕ್ಷಣ ಹಿಡಿಯುತ್ತಾರೆ.

1, 2ನೇ ತರಗತಿಯಾದರೆ ನಾಲ್ವರ ಗುಂಪು ಜಾಸ್ತಿಯಾಯಿತು. ಇಬ್ಬಿಬ್ಬರು ಸಾಕು, ಪ್ರಾಜೆಕ್ಟ್ ಒಂದೆರಡು ದಿನದ್ದಾಗಿರಲಿ.

ಇನ್ನು ಮಾರ್ಕ್ಸ್. ಸಹಕಾರದ ಕಲಿಕೆಯ ಬಗ್ಗೆ ಹೆಚ್ಚು ಕೆಲಸ ಮಾಡಿದ ರಾಬರ್ಟ್ ಸ್ಲಾವಿನ್ ಎರಡು ಷರತ್ತು ಹೇಳುತ್ತಿದ್ದರು. ಗುಂಪಿಗೆಲ್ಲ ಸೇರಿ ಒಂದು ಗುರಿ ಇರಬೇಕು, ಮತ್ತು ಒಬ್ಬೊಬ್ಬರು ಕಲಿತದ್ದೂ ಬೇರೆಯಾಗಿ ಲೆಕ್ಕಕ್ಕೆ ಬರಬೇಕು. ಒಂದೇ ಇದ್ದರೆ ಸಾಲದು. ನನ್ನನ್ನು ಕೇಳಿದರೆ 10 ಮಾರ್ಕ್ಸ್‌ನಲ್ಲಿ 3 ಗುಂಪಿಗೆ, 7 ಆಯಾ ಮಗುವಿಗೆ. ಆ 7ರಲ್ಲಿ ಒಂದು ಪಾಲು ಮಗುವಿನ ನೋಟ್‌ಬುಕ್‌ಗೆ, ಒಂದು ಪಾಲು ಕೊನೆಯ ದಿನ ಐದು ನಿಮಿಷದಲ್ಲಿ ಬರೆಯುವ ಮೂರು ಪ್ರಶ್ನೆಗಳಿಗೆ. ಉಳಿದದ್ದು ವಿವರಣೆಗೆ. ಗುಂಪಿನಲ್ಲಿ 1ರಿಂದ 4 ನಂಬರ್ ಕೊಟ್ಟು, ಪ್ರದರ್ಶನದ ದಿನ ಚೀಟಿ ಎತ್ತಿ. ಬಂದ ನಂಬರಿನ ಮಗು ಎದ್ದು, ಗುಂಪಿನ ಕೆಲಸದಲ್ಲಿ ನೀವು ತೋರಿಸಿದ ಯಾವುದೇ ಭಾಗವನ್ನು ವಿವರಿಸಬೇಕು. ಉಳಿದವರನ್ನೂ ನೋಟ್‌ಬುಕ್ ನೋಡುವಾಗ ಒಂದೊಂದು ಪ್ರಶ್ನೆ ಕೇಳಿ ಮುಗಿಸಿ. ಯಾರ ನಂಬರ್ ಬರುತ್ತದೆಂದು ಗೊತ್ತಿಲ್ಲದಿದ್ದರೆ ಜಾಣ ಮಗುವೇ ಉಳಿದವರಿಗೆ ಹೇಳಿಕೊಡಲು ಓಡಾಡುತ್ತದೆ. ಚೀಟಿಯ ವಿಷಯವನ್ನು ಮೊದಲ ದಿನವೇ ಹೇಳಿಬಿಡಿ, ಕೊನೆಗೆ ಹೇಳಿದರೆ ಪ್ರಯೋಜನವಿಲ್ಲ. ಗ್ರಾಫ್ ಚೆಂದ ಇದೆ, ಬಣ್ಣ ಚೆನ್ನಾಗಿದೆ ಅಂತ ಮಾರ್ಕ್ಸ್ ಕೊಡಬೇಡಿ. ಅದನ್ನು ಆ್ಯಪ್ ಮಾಡಿದ್ದು.

ಪೋಷಕರ ವಿಷಯದಲ್ಲಿ ಜಗಳಕ್ಕೆ ನಿಲ್ಲಬೇಕಿಲ್ಲ. ಪ್ರಾಜೆಕ್ಟನ್ನು ಮನೆಗೇ ಕಳಿಸಬೇಡಿ. ಅಳತೆ, ರೆಕಾರ್ಡಿಂಗ್, ಗ್ರಾಫ್ ಎಲ್ಲವೂ ಶಾಲೆಯ ಹೊತ್ತಿನಲ್ಲೇ ಆಗಲಿ. ಅದಕ್ಕೆ ಸಮಯ ಸಾಲದಿದ್ದರೆ ಪ್ರಾಜೆಕ್ಟ್ ಚಿಕ್ಕದು ಮಾಡಿ. ವರ್ಷಕ್ಕೆ ಎರಡು ಮೂರು ಒಳ್ಳೆಯ ಪ್ರಾಜೆಕ್ಟ್ ಆದರೆ ಧಾರಾಳವಾಯಿತು. ಮನೆಗೆ ಕಳಿಸಬೇಕಾದ್ದು ಒಂದು ಚೀಟಿ ಮಾತ್ರ: '11 ಗಂಟೆಯ ನೆರಳು ಯಾಕೆ ತಪ್ಪಾಗಿತ್ತು ಎಂದು ನಿಮ್ಮ ಮಗುವನ್ನು ಕೇಳಿ.' ಸಹಾಯ ಮಾಡಬೇಕೆಂದಿರುವ ಅಪ್ಪ ಅಮ್ಮನಿಗೆ ಕೆಲಸವೂ ಸಿಕ್ಕಿತು, ಮಗುವಿಗೆ ವಿವರಿಸಲು ಇನ್ನೊಂದು ಸರದಿಯೂ ಬಂತು.